ಗಂಟಲು ಕಟ್ಟಿದ ವರ್ಷದ ಓದು

ನಮ್ಮ ಸರೋಜ ಎಸ್ಸೆಸ್ಸೆಲ್ಸಿ ಪಾಸಾದಳು! ಬರಿಯ ಪಾಸಲ್ಲ ಮಹಾರಾಯರೆ, ಫಸ್ಟ್ ಕ್ಲಾಸು. ಸುದ್ದಿ ಕಿವಿಗೆ ಬಿದ್ದಾಗ ನಾನು ಒರಳಿನ ಮುಂದೆ ಕೂತಿದ್ದೆ. ಎದ್ದು ಕುಣಿಯಬೇಕಾದ ಅಜ್ಜಿ ಗುಂಡುಕಲ್ಲಿಗಿಂತ ಸ್ತಬ್ಧಳಾಗಿ ಕೂತೇ ಬಿಟ್ಟೆ. ಸಂತೋಷ ಆಮೇಲೆ ಬಂತು. ಬಂದದ್ದು ಇನ್ನೂ ಹೋಗಿಲ್ಲ, ಉಕ್ಕುತ್ತಲೇ ಇದೆ. ಆದರೆ ಮೊದಲು ಬಂದದ್ದು ದಿಗ್ಭ್ರಮೆ. ಏಕೆಂದರೆ ನಮ್ಮ ಮನೆಯ ಶಾಸ್ತ್ರದ ಪ್ರಕಾರ ಈ ವರ್ಷ ಸಂಕ್ರಾಂತಿಯಿಂದೀಚೆಗೆ ಅವಳು ಓದಿಯೇ ಇರಲಿಲ್ಲ.

ಆ ಶಾಸ್ತ್ರ ಯಾವುದೆಂದು ಕೇಳಿ. ನಮ್ಮದು ದಾಸರಹಳ್ಳಿ. ನಾವು ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಕಾರ್ಖಾನೆಯ ಶೆಡ್ಡುಗಳು ಬೆಳೆದಿವೆ. ಹಿತ್ತಲ ಗೋಡೆಯಾಚೆಯ ಪ್ರೆಸ್ ಮಿಷನ್ನು ಧಡ್ ಧಡ್ ಎಂದು ತಗಡು ಕುಟ್ಟತೊಡಗಿದರೆ ಗೂಡಿನ ಲೋಟಗಳು ತಾವಾಗಿಯೇ ತಾಳ ಹಾಕುತ್ತವೆ. ಇಂಥಲ್ಲಿ ಬಾಳುವವರಿಗೆ ಸದ್ದೇ ಕೆಲಸಕ್ಕೆ ಸಾಕ್ಷಿ. ಸದ್ದಿದ್ದರೆ ಕೆಲಸ ನಡೆದಿದೆ; ನಿಂತರೆ ಕರೆಂಟು ಹೋಗಿದೆ, ಇಲ್ಲವೇ ಮುಷ್ಕರ. ವಿದ್ಯೆಗೂ ಅದೇ ನ್ಯಾಯ. ಮೂರನೇ ಕ್ಲಾಸಿಗೇ ಸರಸ್ವತಿಗೆ ಕೈಮುಗಿದು, ಉಳಿದ ಅಕ್ಷರಜ್ಞಾನವನ್ನೆಲ್ಲ ಅಂಗಡಿಯ ಪೊಟ್ಟಣದ ಕಾಗದಗಳಿಂದ ಸಂಪಾದಿಸಿದ ನಾನು, ಅಡುಗೆಮನೆಯಿಂದಲೇ ಮೊಮ್ಮಗಳ ವಿದ್ಯಾಭ್ಯಾಸದ ಮೇಲ್ವಿಚಾರಣೆ ಮಾಡುತ್ತಿದ್ದೆ: ದನಿ ಕೇಳಿಸಿದರೆ ಓದು, ಕೇಳಿಸದಿದ್ದರೆ ನಿದ್ದೆ.

ಹೋದ ವರ್ಷ ಅವಳು ಆ ಮಿಷನ್ನನ್ನೂ ಮೀರಿಸಿ ಓದಿದ್ದಳು. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಏಕಶ್ವಾಸ. ನಮ್ಮ ಬೀದಿಯ ಹೆಂಗಸರಿಗೂ ಅರ್ಧ ವಿಜ್ಞಾನ ಬಾಯಿಪಾಠವಾಗಿತ್ತು. ಆದರೂ ಫೇಲಾದಳು. ಈಗ ಯೋಚಿಸಿದರೆ, ಪಾಠವೆಂಬುದು ಅವಳಿಗೆ ಮೊದಲ ಸ್ಟಾಪಾದ ಮೆಜೆಸ್ಟಿಕ್ಕಿನಲ್ಲೇ ಹತ್ತಬೇಕಾದ ಬಸ್ಸಾಗಿತ್ತು. ಪರೀಕ್ಷೆಯವರು ನಡುದಾರಿಯ ಗೊರಗುಂಟೆಪಾಳ್ಯದಲ್ಲಿ ನಿಂತು ಕೈ ತೋರಿಸಿದರೆ ಅದು ನಿಲ್ಲುತ್ತಲೇ ಇರಲಿಲ್ಲ. ಆದರೆ ಆಗ ನಮಗೆ ಹೊಳೆದ ಕಾರಣ ಒಂದೇ: ದನಿ ಸಾಲದು.

ಸರೋಜಳ ಅಪ್ಪ, ಅಂದರೆ ನನ್ನ ಮಗ ಕೆಂಪಣ್ಣ, ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರು. ಊಟಕ್ಕೆ ಕೂತರೆ ಉಪ್ಪು ಬೇಕೆಂದು ಕೂಡ ಬಾಯಿಬಿಟ್ಟು ಕೇಳದವನು, ಅಂದು ಕೈ ತೊಳೆದು ಬಂದು ಹೇಳಿದ: "ಇನ್ನೊಂದೇ ಸಲ. ಈ ಸಲಾನೂ ಫೇಲಾದ್ರೆ ನೆಲಮಂಗಲದ ಗಂಡಿಗೆ ಊಂ ಅಂದ್ಬಿಡ್ತೀನಿ. ಆಮ್ಯಾಕೆ ಅತ್ಕೊಂಡು ನನ್ತಾವ ಬರ್ಬೇಡ." ಹುಡುಗಿಗೆ ಕಾಲೇಜಿನ ಆಸೆ. ಹಟ ತೊಟ್ಟು ಇನ್ನಷ್ಟು ಗಟ್ಟಿಯಾಗಿ ಕೂಗಿದಳು. ಸಂಕ್ರಾಂತಿ ಕಳೆಯುವಷ್ಟರಲ್ಲಿ ಗಂಟಲು ಕಟ್ಟಿ, ಬಾಯಿ ತೆರೆದರೆ ಬರಿಯ ಗಾಳಿ ಬರತೊಡಗಿತು.

ಡಾಕ್ಟರು ಟಾರ್ಚು ಬಿಟ್ಟು ನೋಡಿ, "ಏನಜ್ಜಿ, ಹುಡುಗಿ ಮಾರ್ಕೆಟ್ಟಲ್ಲಿ ಹರಾಜು ಕೂಗ್ತಾಳಾ?" ಅಂದರು.

"ಇಲ್ಲ ಸಾರ್, ಓದ್ತಾಳೆ" ಎಂದೆ ಹೆಮ್ಮೆಯಿಂದ.

"ಹಂಗಾದ್ರೆ ಪರೀಕ್ಷೆವರ್ಗೂ ಬಾಯಿ ಮುಚ್ಕೊಂಡಿರ್ಲಿ."

ನನಗೆ ಸಿಡಿಲು ಬಡಿದಂತಾಯಿತು. ಪರೀಕ್ಷೆಯವರೆಗೆ ಬಾಯಿ ಮುಚ್ಚಿದರೆ ಇವಳು ಓದುವುದು ಯಾವಾಗ?

ಅಂದಿನಿಂದ ಅವಳ ಮಾತೆಲ್ಲ ಸೀಮೆಸುಣ್ಣದಲ್ಲಿ. ಕೆಂಪು ಗಾರೆಯ ನೆಲದ ಮೇಲೆ 'ನೀರು' ಎಂದು ಬರೆಯುವಳು, 'ಖಾರ ಬೇಡ' ಎಂದು ಬರೆಯುವಳು, ನಾನು ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಸಾರಿಗೆ ಖಾರ ಬಿದ್ದಾಗಿರುತ್ತಿತ್ತು. ಒಂದು ಸಂಜೆ ಪುಸ್ತಕ ಹಿಡಿದು ಸುಮ್ಮನೆ ಕೂತವಳನ್ನು ಕಂಡು, "ಏನಮ್ಮೀ, ಮಿಷನ್ನು ನಿಂತೋಯ್ತಾ? ಏನೈತೆ ಅದ್ರಾಗೆ, ನಂಗೂ ಯೋಳು" ಎಂದು ಕೆಣಕಿದೆ. ಅವಳು ಪುಸ್ತಕ ಮುಚ್ಚಿ, ಬಗ್ಗಿ, 'ಹೃದಯಕ್ಕೆ ಮೂರು ಕೋಣೆ' ಎಂದು ಬರೆದಳು. ಅನುಮಾನ ಬಂದು ಪುಸ್ತಕ ತೆರೆದಳು. ಹಣೆ ಚಚ್ಚಿಕೊಂಡು, ಒದ್ದೆಬಟ್ಟೆಯಿಂದ ಅಳಿಸಿ, 'ನಾಲ್ಕು' ಎಂದು ತಿದ್ದಿದಳು.

"ನಾಕು ಕೋಣೆ ಅಂದ್ರೆ ನಮ್ಮ ವಠಾರದಂಗೇ ಆಯ್ತು! ಅದ್ಸರಿ, ಕೆಟ್ಟ ರಕ್ತ ಯಾವ ಬಾಗ್ಲಲ್ಲಿ ಬತ್ತದೆ, ಒಳ್ಳೇದು ಯಾವ ಬಾಗ್ಲಲ್ಲಿ ಓಯ್ತದೆ?"

ಸೀಮೆಸುಣ್ಣ ಗಾಳಿಯಲ್ಲೇ ನಿಂತಿತು. ವರ್ಷವಿಡೀ ಬೀದಿಗೆಲ್ಲ ಕೇಳುವಂತೆ ಕೂಗಿದ್ದ ಪಾಠ ಅದೇ! ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಯಾರು ಹೆಚ್ಚು ಬೆಚ್ಚಿದರೋ ಹೇಳಲಾರೆ.

ಆಮೇಲೆ ಅದೇ ರೂಢಿಯಾಯಿತು. ಒಂದು ಪುಟ ಓದುವುದು, ಮುಚ್ಚುವುದು, ನೆನಪಿನಿಂದ ನೆಲದ ಮೇಲೆ ಬರೆಯುವುದು, ತೆರೆದು ತಾಳೆ ನೋಡಿ ಅಳಿಸುವುದು. ಮರುದಿನ ಹೊಸ ಪುಟಕ್ಕೆ ಮುಂಚೆ ನಿನ್ನೆಯದನ್ನು ಪುಸ್ತಕ ಮುಟ್ಟದೆ ಬರೆಯುವುದು, ರಾಗಿ ಪೈರಿಗೆ ಮತ್ತೊಮ್ಮೆ ಕುಂಟೆ ಹೊಡೆದಂತೆ. ಅವಳು ಬರೆದದ್ದಕ್ಕೆ 'ಯಾಕೆ', 'ಎಲ್ಲಿಂದ' ಎಂದು ಅಡ್ಡ ಬಾಯಿ ಹಾಕುವುದು ನನ್ನ ಪಾಲಿನ ಕೆಲಸ. ಉತ್ತರ ನನಗೆ ಅರ್ಥವಾಗಲೇಬೇಕೆಂಬ ನಿಯಮವೇನೂ ಇರಲಿಲ್ಲ. ಇದು ರೋಗಿಯ ಹೊತ್ತು ಕಳೆಯುವ ಆಟವೆಂದೇ ನಾನು ತಿಳಿದಿದ್ದೆ.

ಕೆಂಪಣ್ಣನೂ ಹಾಗೆಯೇ ತಿಳಿದ. ಒಂದು ದಿನ ಷಿಫ್ಟು ಮುಗಿಸಿ ಬಂದವನು ಹೊಸಿಲಲ್ಲೇ ಬೆರಗಾಗಿ ನಿಂತ. "ಪುಸ್ತಕ ಮುಚ್ಕೊಂಡು ರಂಗೋಲಿ ಬಿಡ್ತಾ ಕೂತವ್ಳಲ್ಲ! ಅವ್ವಾ, ಈ ವಯಸ್ಸಲ್ಲಿ ನೀನೂ ಕುಂಟೆಬಿಲ್ಲೆ ಆಡ್ತಿದ್ದೀಯಾ? ಬಿಡು, ನೆಲಮಂಗಲಕ್ಕೆ ಯೋಳಿ ಕಳಿಸ್ತೀನಿ."

ಸರೋಜ ಅವನ ಕಾಲ ಬಳಿ ಬರೆದಳು: 'ಅಪ್ಪ, ಪರೀಕ್ಷೆ ಆಗಲಿ.' ಅವನು ಒಳಗೆ ಹೋಗುವಾಗ ಅಕ್ಷರ ತುಳಿಯಬಾರದೆಂದು ಗೋಡೆಗೆ ಬೆನ್ನು ಹಚ್ಚಿ, ಒಂದೊಂದೇ ಹೆಜ್ಜೆ ಸರಿದು ಹೋದ.

ಪುಸ್ತಕ ತೆರೆದಿರುವಾಗ ಎಲ್ಲವೂ ಗೊತ್ತಿದ್ದಂತೆಯೇ ತೋರುತ್ತದೆ, ಉಗ್ರಾಣದ ದೀಪ ಹಚ್ಚಿದರೆ ಎಲ್ಲ ಡಬ್ಬಗಳೂ ಕಾಣುವಂತೆ. ಕತ್ತಲಲ್ಲಿ ಕೈಯಿಟ್ಟು ಸಾಸಿವೆಯನ್ನೇ ತೆಗೆಯಬಲ್ಲವಳು ತಾನೇ ಆ ಮನೆಯ ಗೃಹಿಣಿ? ಇಷ್ಟು ಸರಳವಾದದ್ದು ಅರವತ್ತು ದಾಟಿದ ತಲೆಗೆ ಹೊಳೆಯಲು ಒಂದು ಹುಡುಗಿಯ ಗಂಟಲು ಕಟ್ಟಬೇಕಾಯಿತು ನೋಡಿ.

ಇಂದು ಸಂಜೆ ಸೊಸೆ ಜಯಮ್ಮ ಕಡಲೆಬೇಳೆ ಪಾಯಸ ಮಾಡಿದಳು. ನಮ್ಮಲ್ಲಿ ಗಂಡಸರ ಊಟವಾದ ಮೇಲೆ ಹೆಂಗಸರದು. ಕೆಂಪಣ್ಣ ಒಂಟಿ ಎಲೆಯ ಮುಂದೆ ನಿಂತು, "ಎಲ್ರಿಗೂ ಹಾಕು" ಎಂದ. ನಾಲ್ವರೂ ಒಂದೇ ಸಾಲಿನಲ್ಲಿ ಕೂತೆವು. ಮುದ್ದೆ ಅರ್ಧ ಮುಗಿದಿತ್ತು. ಊಟದ ನಡುವೆ ಎಂದೂ ಮಾತಾಡದವನು ಎಲೆಯಿಂದ ತಲೆ ಎತ್ತದೆಯೇ ಹೇಳಿದ: "ಜಯಾ, ಕಾಲೇಜು ಶುರುವಾದ್ಮೇಲೆ ಬೆಳಿಗ್ಗೆ ಎರಡು ಡಬ್ಬಿ ಕಟ್ಟು."

ನಮ್ಮೆಲ್ಲರ ಕೈಗಳು ಎಲೆಯ ಮೇಲೇ ನಿಂತವು.

"ಎರಡನೇದು ಯಾರಿಗಪ್ಪಾ?" ಎಂದಳು ಸರೋಜ. ದನಿ ಮರಳಿ ಬಂದಿತ್ತು.

"ಇನ್ಯಾರಿಗೆ? ನಿಮ್ಮಜ್ಜಿ ಕಾಲೇಜಿಗೆ ಓಯ್ತವ್ಳಲ್ಲ, ಅವ್ಳಿಗೆ!"

ನಗುವಿನ ಭರಕ್ಕೆ ನನಗೆ ನೆತ್ತಿ ಹತ್ತಿತು. ನೆಲಮಂಗಲದ ಹೆಸರನ್ನು ಯಾರೂ ಎತ್ತಲಿಲ್ಲ. ಸರೋಜ ಇನ್ನೊಂದು ಸೌಟು ಪಾಯಸ ಕೇಳಿದಳು. ಜಯಮ್ಮ ಏಳುವಷ್ಟರಲ್ಲಿ ನನ್ನ ಮಗ ತಾನೇ ಎದ್ದುಹೋಗಿ ಪಾತ್ರೆ ತಂದು ಬಡಿಸಿದ.