ಕೋಲಣ್ಣನ ಪಾಯಿಂಟ್

ಅವರ ಎಡಭುಜ ಬಲಭುಜಕ್ಕಿಂತ ಎರಡು ಬೆರಳು ಕೆಳಗಿತ್ತು. ಮೂವತ್ತು ವರ್ಷ ಸರ್ವೆ ಸಾಮಾನು ಹೊತ್ತು ಗುಡ್ಡ ಹತ್ತಿದ ಭುಜ ಅದು. ಊರ ರಸ್ತೆಗಳ ಏರುತಗ್ಗು ಅಳೆಯುವ ಮನುಷ್ಯನೇ ಮಟ್ಟವಾಗಿರಲಿಲ್ಲ. ಸರ್ವೆ ಯಂತ್ರದ ಎದುರು, ತುದಿಗೆ ಗಾಜು ಕೂರಿಸಿದ ಕೋಲನ್ನು ನೆಟ್ಟಗೆ ಹಿಡಿದು ನಿಲ್ಲುವುದು ಅವರ ಕೆಲಸ. ಅದಕ್ಕೇ ಮಡಿಕೇರಿಯ ನಮ್ಮ ಆಫೀಸಿನಲ್ಲಿ ಎಲ್ಲರಿಗೂ ಅವರು ಕೋಲಣ್ಣ. ನಾನು ಅಲ್ಲಿ ರಸ್ತೆಯ ನಕ್ಷೆ ಮಾಡುವ ಇಂಜಿನಿಯರ್.

ನಿಲ್ಲಿ ಎಂದಲ್ಲಿ ನಿಂತರೆ ಅವರು ಕೋಲಣ್ಣನೇ ಅಲ್ಲ. ಐದೈದು ಮೀಟರಿಗೆ ಒಂದು ಪಾಯಿಂಟ್, ಅಂದರೆ ನೆಲದ ಮಟ್ಟ ಅಳೆಯುವ ಒಂದು ಜಾಗ, ಸಾಕು ಎಂದರೆ, ಕಾಫಿ ಗಿಡದ ಸಂದಿಗೆ ನುಗ್ಗಿ, "ಇದನ್ನೂ ಒಂದು ತಗೊಳ್ಳಿ ಮೇಡಂ, ಬಿಡ್ಬೇಡಿ" ಎಂದು ಕೂಗುತ್ತಿದ್ದರು. ಯಾಕೆ ಎಂದು ಕೇಳಿದರೆ, "ನೀರಿಗೆ ನಕ್ಷೆ ಓದ್ಲಿಕ್ಕೆ ಬರುದಿಲ್ಲ." ಅಷ್ಟೇ. ಆಮೇಲೆ ಬಾಯಿ ತುಂಬ ಎಲೆ ಅಡಿಕೆ. ಜಿಗಣೆ ಕಚ್ಚಿದ ಕಾಲು ಕೆರೆದುಕೊಳ್ಳುತ್ತಾ ನಾನು ಹಲ್ಲು ಕಡಿಯುತ್ತಿದ್ದೆ.

ಬಿಟ್ಟಂಗಾಲದ ಹತ್ತಿರ ಮೂರು ರಸ್ತೆ ಕೂಡುವಲ್ಲಿ ಒಂದು ಸರ್ಕಲ್ ಮಾಡಬೇಕಿತ್ತು. ಮೇಲೆ ಗುಡ್ಡ, ಕೆಳಗೆ ಎಸ್ಟೇಟಿನ ಕೂಲಿಯವರ ಲೈನ್ ಮನೆಗಳು, ಏಳು ಸಂಸಾರ. ಕಂಪ್ಯೂಟರಿನಲ್ಲಿ ಸರ್ಕಲ್ ಬಿಡಿಸುವುದೆಂದರೆ ತಕ್ಕಡಿಯಲ್ಲಿ ಕಪ್ಪೆ ತೂಗಿದ ಹಾಗೆ. ತ್ರಿಜ್ಯ ಅರ್ಧ ಮೀಟರ್ ಹಿಗ್ಗಿಸಿದರೆ ಒಳಬರುವ ರಸ್ತೆಯ ತಿರುವು ಕೆಡುತ್ತದೆ. ತಿರುವು ಸರಿಮಾಡಿದರೆ ಅಡ್ಡ ಇಳಿಜಾರು, ಅಂದರೆ ಮಳೆನೀರು ಹೊರಕ್ಕೆ ಹರಿಯಲೆಂದು ರಸ್ತೆಗೆ ಕೊಡುವ ಓರೆ, ಕೆಡುತ್ತದೆ. ಅಂತೂ ಎಲ್ಲ ಕೂಡಿಬಂತು ಎನ್ನುವಾಗ ಗುಡ್ಡದ ಬದಿಯಲ್ಲಿ ನೆಲ ಬಾವಿಯ ಹಾಗೆ ಕುಸಿದು ಕಾಣಿಸಿತು. ನೋಡಿದರೆ ಕೋಲಣ್ಣನ ಹೆಚ್ಚುವರಿ ಪಾಯಿಂಟ್! ತಪ್ಪು ರೀಡಿಂಗ್ ಎಂದುಕೊಂಡು ಅಳಿಸಿದೆ. ನೆಲ ಸಮವಾಯಿತು, ನಕ್ಷೆ ಚೆಂದವಾಯಿತು, ಮಂಜೂರೂ ಆಯಿತು.

ಸರ್ಕಲ್ ಬರುವ ಜಾಗದಲ್ಲಿ ಸುಣ್ಣದ ಗುರುತು ಹಾಕುವ ದಿನ ಜೀಪಿನ ಬಾನೆಟ್ ಮೇಲೆ ನಕ್ಷೆ ಹಾಸಿದ್ದೆ. ಕೋಲಣ್ಣ ಬೆರಳಿಟ್ಟು ಹುಡುಕಿದರು.

"ನನ್ನ ಪಾಯಿಂಟ್ ಎಲ್ಲುಂಟು ಮೇಡಂ?"

"ತಪ್ಪಿತ್ತು. ತೆಗೆದೆ."

ಅವರು ಹೋಗಿ ಲಂಟಾನದ ಪೊದೆ ಸರಿಸಿ ಕೋಲು ಇಳಿಸಿದರು. ಆಳೆತ್ತರದ ಕೋಲು ಅರ್ಧಕ್ಕರ್ಧ ಒಳಗೆ ಹೋಯಿತು. ಅಲ್ಲಿದ್ದದ್ದು ಕಲ್ಲು ಕಟ್ಟಿದ ಹಳೆಯ ಮೋರಿಯ ಬಾಯಿ.

"ಗುಡ್ಡದ ನೀರೆಲ್ಲ ಇದಕ್ಕೆ ಇಳಿದು ರಸ್ತೆ ಅಡಿಯಿಂದ ತೋಡಿಗೆ ಹೋಗುದು. ಇದನ್ನು ಮುಚ್ಚಿದ್ರೆ ನೀರು ರಸ್ತೆ ಮೇಲೆ ಬಂದು, ನೀವು ಕೊಟ್ಟ ಓರೆಯಲ್ಲೇ ಜಾರಿ ಲೈನಿಗೆ ನುಗ್ತದೆ. ಅಲ್ಲಿ ಮಕ್ಕಳುಂಟು."

ನನ್ನ ನಕ್ಷೆಯಲ್ಲಿ ಆ ಬಾಯಿಗೆ ಮಣ್ಣು ತುಂಬಿ ಮೇಲೆ ಫುಟ್‌ಪಾತ್ ಬಂದಿತ್ತು. ಮೋರಿ ಇದೆ ಎಂದು ಮೊದಲೇ ಬಾಯಿಬಿಟ್ಟು ಹೇಳಬಾರದಿತ್ತೇ ಈ ಮನುಷ್ಯ ಎಂದು ಸಿಟ್ಟು ಬಂತು.

ಮಂಜೂರಾದ ನಕ್ಷೆ ಬದಲಿಸಬೇಕು ಎಂದಾಗ ಕೊಡ್ಲಿಪೇಟೆ ಕಡೆಯ ನಮ್ಮ ಸಾಹೇಬರು ಆಫೀಸಿನಲ್ಲಿ, ಯಾರ ತಪ್ಪು ಎಂದು ಕೇಳಿದರು. ಕೆಲಸ ಹೋದೀತೆಂಬ ಹೆದರಿಕೆಯಲ್ಲಿ, "ಕೋಲು ಓರೆಯಾಗಿ ರೀಡಿಂಗ್ ತಪ್ಪಿತ್ತು ಸಾರ್" ಎಂದುಬಿಟ್ಟೆ. ಕೋಲಣ್ಣ ಬಾಗಿಲಲ್ಲೇ ನಿಂತಿದ್ದರು. "ಇರ್ಬಹುದು ಸಾರ್" ಎಂದರು. ಬೈಗುಳ ಪೂರ್ತಿ ಅವರಿಗೇ ಬಿತ್ತು.

ಹೊರಗೆ ಬಂದ ಮೇಲೆ ನನ್ನ ಮುಖ ನೋಡದೆ ಹೇಳಿದರು: "ನನ್ನ ಭುಜ ನೋಡಿದವ್ರು ಯಾರಾದ್ರೂ ನಂಬ್ತಾರೆ. ಅದು ಬಿಡಿ, ಮೊದಲು ಪಾಯಿಂಟ್ ವಾಪಸ್ ಹಾಕಿ."

ಹಾಕಿದೆ. ಇಡೀ ಸರ್ಕಲನ್ನು ಗುಡ್ಡದ ಕಡೆಗೆ ವಾಲಿಸಿ, ಮೂರೂ ರಸ್ತೆಗಳ ಓರೆ ಬದಲಿಸಲು ಮೂರು ವಾರ ಹಿಡಿಯಿತು. ಬೇಸಿಗೆಯಲ್ಲಿ ಕೆಲಸ ಮುಗಿಯಿತು. ಮೊದಲ ಜೋರು ಮಳೆಗೆ ಇಬ್ಬರೂ ಕೊಡೆ ಹಿಡಿದು ಅಲ್ಲಿ ನಿಂತಿದ್ದೆವು. ನೀರು ಸದ್ದು ಮಾಡುತ್ತಾ ಮೋರಿಗೆ ಇಳಿಯಿತು. ಕೆಳಗೆ ಲೈನಿನ ಜಗಲಿಯಲ್ಲಿ ಒಬ್ಬಾಕೆ ಒಣ ಸೌದೆ ಜೋಡಿಸುತ್ತಿದ್ದಳು. ಅಲ್ಲೇ ಕ್ಷಮೆ ಕೇಳಬಹುದಿತ್ತು. ಬಾಯಿ ತೆರೆಯುವಷ್ಟರಲ್ಲಿ, "ಆ ಚರಂಡಿ ಇನ್ನೊಂದು ಗೇಣು ಅಗಲ ಬೇಕಿತ್ತು ಮೇಡಂ" ಎಂದರು. ಸಿಟ್ಟು ನೆತ್ತಿಗೇರಿತು. ಬಾಯಿ ಮುಚ್ಚಿಕೊಂಡೆ.

ಆಟಿ ತಿಂಗಳ ಜಡಿಮಳೆಯಲ್ಲಿ ಕೋಲಣ್ಣ, ಸಂಪಾಜೆಯ ತಮ್ಮ ಸ್ವಂತ ಮನೆಯಲ್ಲಿ, ಮಲಗಿದಲ್ಲೇ ತೀರಿಕೊಂಡರು. ಕಾರ್ಯ ಮುಗಿಸಿ ಹಿಂದಿರುಗುವಾಗ ಜೀಪಿನಲ್ಲಿ ಸಾಹೇಬರ ಪಕ್ಕ ಕೂತಿದ್ದೆ.

"ಕೋಲು ಓರೆಯಾಗಿರಲಿಲ್ಲ ಸಾರ್. ಪಾಯಿಂಟ್ ಅಳಿಸಿದ್ದು ನಾನು."

ಅವರು ಜೀಪಿನ ಗಾಜಿಗೆ ಕಟ್ಟಿದ ಮಂಜನ್ನು ಅಂಗೈಯಲ್ಲಿ ಒರೆಸಿದರು.

"ಅವ್ರು ಇದ್ದಾಗ್ಲೇ ಹೇಳ್ಬೇಕಿತ್ತು ಕಣಮ್ಮ" ಎಂದರು.