ವೇಷ ಹಾಕಿದ ಗಂಟು

“ತಾತಾ, ಬನ್ನಿ, ನೀವೇ ನೋಡಿ,” ಎಂದು ಚೆನ್ನೈಯ ಪೋರೂರಿನ ಆಸ್ಪತ್ರೆಯ ಪೆಥಾಲಜಿ ಡಾಕ್ಟರಮ್ಮ ಮೈಕ್ರೋಸ್ಕೋಪಿನ ಮುಂದಿನ ಕುರ್ಚಿ ಬಿಟ್ಟುಕೊಟ್ಟರು. ಅದರಡಿ ಇದ್ದದ್ದು ನನ್ನದೇ ಮುಂಗೈಯ ಗಂಟಿನ ಚೂರು. ಕೆಲವೇ ವಾರಗಳಲ್ಲಿ ನೆಲ್ಲಿಕಾಯಿಯಷ್ಟಾಗಿದ್ದ ಅದನ್ನು ಪರೀಕ್ಷಿಸಿದ ವೆಸ್ಟ್ ಮಾಂಬಲಂನ ಲ್ಯಾಬಿನವರು, “ಕ್ಯಾನ್ಸರ್ ಇರಬಹುದು, ದೊಡ್ಡ ಕಡೆ ತೋರಿಸಿ” ಎಂದು ಗಾಜಿನ ಸ್ಲೈಡುಗಳನ್ನು ನನ್ನ ಕೈಗೇ ಕೊಟ್ಟು ಕಳಿಸಿದ್ದರು. ಬಸ್ಸಿನುದ್ದಕ್ಕೂ ಜೇಬು ಮುಟ್ಟಿ ಮುಟ್ಟಿ ನೋಡಿಕೊಂಡಿದ್ದೆ. ನೆಂಟರ ಕಾಫಿ ಲೋಟದಲ್ಲಿ ನನ್ನ ಹಲ್ಲುಸೆಟ್ಟು ಮುಳುಗಿಸಿ ಇಡೀ ಬೀದಿಯನ್ನು ನಗಿಸಿದ ಶೂರ ನಾನು! ಆ ದಿನ ಮಾತ್ರ ಒಂದೆಡೆ ಕೂರಲಾಗದೆ ಆಸ್ಪತ್ರೆಯ ವರಾಂಡದಲ್ಲಿ ಸುತ್ತುತ್ತಲೇ ಇದ್ದೆ.

ಕಣ್ಣಿಟ್ಟು ನೋಡಿದೆ. ನೇರಳೆ ಎಳೆಗಳು ದಿಕ್ಕಾಪಾಲಾಗಿ ಹರಡಿದ್ದವು.

“ರಂಗೋಲಿ ಚೆನ್ನಾಗಿದೆ. ನಾನು ಉಳಿಯೋ ಗಿರಾಕಿನಾ, ಹೋಗೋ ಗಿರಾಕಿನಾ, ಅದನ್ನ ಹೇಳಮ್ಮ,” ಎಂದೆ.

ಆ ಡಾಕ್ಟರಮ್ಮ ಚೆನ್ನೈಯಲ್ಲೇ ಬೆಳೆದ ಕನ್ನಡದ ಹುಡುಗಿ, ನಕ್ಕಳು. “ಒಣ್ಣುಂ ಇಲ್ಲ ತಾತಾ, ಏನೂ ಆಗಲ್ಲ. ಇದು ಅಪರೂಪದ ಗಂಟು. ಸರಸರ ಬೆಳೆಯತ್ತೆ, ಲೆನ್ಸ್ ಕೆಳಗೆ ಥೇಟ್ ಕ್ಯಾನ್ಸರ್ ಥರಾನೇ ವೇಷ ಹಾಕತ್ತೆ. ಒಳಗೆ ಬರೀ ಸಾಧು! ಎಷ್ಟೋ ಡಾಕ್ಟರುಗಳನ್ನೇ ಯಾಮಾರಿಸಿದೆ.”

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು, “ನಿಮ್ಮ ಮೈಯಲ್ಲಿ ಹುಟ್ಟಿದ್ದು ಇನ್ನೇನು ಮಾಡತ್ತೆ ಹೇಳಿ!” ಎಂದಳು.

ಚೇಷ್ಟೆಯನ್ನು ನಾನು ಈಗಲೂ ಬಿಟ್ಟಿಲ್ಲ, ಆ ವಿಷಯದಲ್ಲಿ ನಮ್ಮ ಬೀದಿಗೆ ನಾನೇ ರಾಜ. ಆದರೆ ಬೇಸ್ತುಬಿದ್ದವರ ಮುಖ ಸಪ್ಪಗಾದರೆ ತಕ್ಷಣ ಗುಟ್ಟು ಹೇಳಿಬಿಡುತ್ತೇನೆ. ಕಾಯಿಸುವುದಿಲ್ಲ.