ಖಾಲಾ ಆರಿಸಿದ ಚಿಮಟ

ಮೈಲೂರಿನಲ್ಲಿ ನಮ್ಮ ಪಕ್ಕದ ಮುಸ್ಲಿಂ ಮನೆಯ ಖಾಲಾ, ಎಂದರೆ ಚಿಕ್ಕಮ್ಮ, ಕಾದ ಚಪ್ಪಟೆ ಚಿಮಟದಿಂದ ಗುಂಗುರು ಕೂದಲನ್ನು ನೇರ ಮಾಡುತ್ತಿದ್ದರು. ಆದರೆ ಯಾವ ಚಿಮಟವನ್ನೂ ನೇರವಾಗಿ ತಲೆಗೆ ಮುಟ್ಟಿಸುತ್ತಿರಲಿಲ್ಲ. "ಮೊದಲ ಉದುರಿದ ಕೂದಲಾ ತರ್ರಿ" ಎನ್ನುವರು.

ಪೊಲೀಸ್ ಕಾರ್ಯಾಚರಣೆಯ ಹೊತ್ತಿನಲ್ಲಿ ಮುಸ್ಲಿಮರ ಮೇಲೆ ದಾಳಿಗಳಾದ ನಂತರ ಅವರು ಭಯದಿಂದ ಹೊಸ್ತಿಲು ದಾಟಿರಲಿಲ್ಲ. ಭಾಲ್ಕಿಯ ಗಂಡಿನ ಕಡೆಯವರು ಅಕ್ಕನನ್ನು ನೋಡಲು ಬರುವ ದಿನ ಅವ್ವನೇ ಹೋಗಿ ಕರೆತಂದಳು. ಗುಂಗುರು ಕೂದಲೆಂದು ಅಕ್ಕನಿಗೆ ಹಿಂದೊಂದು ಸಂಬಂಧ ತಪ್ಪಿತ್ತು.

ಅವ್ವ ಜಡೆಗೆ ಸೇರಿಸುವ ಚವರಿಗೆಂದು ಗೋಡೆಯ ಸಂದಿಯಲ್ಲಿಟ್ಟಿದ್ದ ಅಕ್ಕನ ಉದುರಿದ ಕೂದಲನ್ನು ಬಿಡಿಸಿ, ಖಾಲಾ ಒಂದೊಂದೇ ಚಿಮಟ ಒತ್ತಿ ನೋಡಿದರು. ತೆಳ್ಳನೆಯದು ಕೂದಲನ್ನು ಸುಟ್ಟಿತು. ತುಕ್ಕು ಹಿಡಿದದ್ದು ಎಳೆ ಹರಿಯಿತು. ದಪ್ಪ, ನುಣುಪು ಬಾಯಿಯದನ್ನು ತುಸು ಆರಿಸಿ ಹಿಡಿದಾಗ ಕೂದಲು ಮಿರುಗಿತು. ಅದು ಹಿತ್ತಾಳೆಯದೋ ಕಬ್ಬಿಣದೋ, ನನ್ನ ನೆನಪನ್ನು ನಂಬಲಾರೆ.

"ಇನ್ನಷ್ಟು ಕಾಯಿಸ್ರಿ ಖಾಲಾ, ಲಗೂ ಆಗ್ತದ" ಎಂದಳು ಅಕ್ಕ.

"ಭಾಲ್ಕಿಯವರಿಗೆ ಸುಟ್ಟ ತಲಿ ತೋರಸ್ತೀ ಏನ್ ಬೇಟಿ?"

ಅರ್ಧ ತಲೆ ಮುಗಿಯುವಷ್ಟರಲ್ಲಿ ಬಂಡಿ ಬಂದೇಬಿಟ್ಟಿತು. ಖಾಲಾ ಹಿತ್ತಲ ಬಾಗಿಲಿನತ್ತ ಸರಿದರು.

"ಎಲ್ಲಿ ಹೊಂಟ್ರಿ ಖಾಲಾ? ಕೂಡ್ರಿ" ಎಂದು ಅವ್ವ ಅವರ ಕೈ ಹಿಡಿದಳು.

ಒಂದು ಕಡೆ ನೇರ, ಇನ್ನೊಂದು ಕಡೆ ಗುಂಗುರಾಗಿದ್ದ ಅಕ್ಕನನ್ನು ಗಂಡಿನ ತಾಯಿ ಬಹಳ ಹೊತ್ತು ನೋಡಿದರು. ಆಮೇಲೆ ತಮ್ಮ ತಲೆಯ ಸೆರಗು ಸರಿಸಿದರು. ಅಲ್ಲಿಯೂ ಗುಂಗುರು ಕೂದಲೇ. ಒಲೆಯ ಬಳಿಯ ಚಿಮಟ ನೋಡಿ ನಕ್ಕರು.

"ನಮ್ಮ ಮನ್ಯಾಗ ಎಲ್ಲಾರದೂ ಹಿಂಗೇ ಅದರಿ. ಖಾಲಾ, ಲಗ್ನದ ದಿನ ನಂದೂ ಮಾಡ್ರಿ."

ಖಾಲಾ ಮತ್ತೆ ಒಲೆಯ ಮುಂದೆ ಕುಳಿತರು. "ಲಗ್ನಕ್ಕ ಬರೂ ಮುಂದ ನಿಮ್ಮ ಉದುರಿದ ಕೂದಲಾ ತರ್ರಿ" ಎಂದರು.